ಕೋಷ್ಟಕದ ಅಂಗಳ

ಗ್ರಂಥದ ಕರಡಚ್ಚನ್ನು ತಿದ್ದಲು ಕುಳಿತವರ ದೃಷ್ಟಿ ಅಕ್ಷರದ ಮೇಲಿರುತ್ತದೆಯೇ ಹೊರತು ಅಕ್ಷರವಿಲ್ಲದ ಎಡೆಯ ಮೇಲಿರುವುದಿಲ್ಲ. ದೀರ್ಘ ಬಿಟ್ಟುಹೋಗಿದೆಯೇ, ಮಹಾಪ್ರಾಣ ತಪ್ಪಿದೆಯೇ, ಶಕಾರ ಷಕಾರಗಳು ಅದಲುಬದಲಾಗಿವೆಯೇ ಎಂದು ಸಾಲುಸಾಲಿಗೆ ಬೆರಳಿಟ್ಟು ನೋಡುವ ಪಂಡಿತರಿಗೂ ಬರಿದಾದ ಜಾಗದಲ್ಲಿ ದೋಷವಿರಬಹುದೆಂಬ ಸಂಶಯ ಬರುವುದು ಅಪರೂಪ. ಅಂಥದೊಂದು ದೋಷ ಅಂಕೋಲೆಯ ಒಂದು ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಸಂಭವಿಸಿತು. ಅಕ್ಷರವೊಂದೂ ತಪ್ಪಿರಲಿಲ್ಲ, ಅಂಕಿಯೊಂದೂ ತಪ್ಪಿರಲಿಲ್ಲ. ಆದರೂ ಒಬ್ಬ ಸಜ್ಜನರ ಮಾನಕ್ಕೆ ಕುಂದು ಬಂದಿತ್ತು.

ಆ ಪ್ರಸಂಗಕ್ಕೆ ಬರುವ ಮುನ್ನ ಶಬ್ದದ ಮಾತು ಒಂದಿಷ್ಟು. ಸಂಸ್ಕೃತದಲ್ಲಿ 'ಕೋಷ್ಠ' ಎಂದರೆ ಒಳಮನೆ, ಕೋಣೆ, ಕಣಜ. ಕನ್ನಡದ ಬಳಕೆಯಲ್ಲಿ ಮಹಾಪ್ರಾಣವನ್ನು ಕಳೆದುಕೊಂಡು ಅದು 'ಕೋಷ್ಟಕ'ವಾಗಿ ನಿಂತಿತು. ಗೀಟುಗಳಿಂದ ಕೋಣೆ ಕೋಣೆಯಾಗಿ ಭಾಗಿಸಿದ ಮನೆಯೇ ಕೋಷ್ಟಕ. ಮನೆ ಎಂದ ಮೇಲೆ ಅದಕ್ಕೊಂದು ಅಂಗಳ ಬೇಕು. ಕಡಲ ತಡಿಯ ಊರುಗಳಲ್ಲಿ ಅಂಗಳವೆಂಬುದು ಗೋಡೆಯ ಹೊರಗಿದ್ದರೂ ಮನೆಗೇ ಸೇರಿದ್ದು. ಸಗಣಿ ಸಾರಿಸಿ, ರಂಗೋಲಿ ಹಾಕಿ, ಭತ್ತ ಹರವಿ, ಬಂದವರನ್ನು ನಿಲ್ಲಿಸಿ ಮಾತನಾಡಿಸುವ ಜಾಗ. ಎರಡು ಮನೆಗಳ ನಡುವಿನ ಅಂಗಳಕ್ಕೆ ಗಡಿ ಇಲ್ಲವಾದರೆ ಅಲ್ಲಿ ಬಿದ್ದ ತೆಂಗಿನಕಾಯಿ ಯಾರದೆಂಬ ವ್ಯಾಜ್ಯ ಹುಟ್ಟುತ್ತದೆ. ಅಚ್ಚಿನ ಪುಟದಲ್ಲಿಯೂ ಹಾಗೆಯೇ. ಎರಡು ಕೋಷ್ಟಕಗಳ ನಡುವೆ ಒಂದು ಸಾಲು ಬಿದ್ದಿದ್ದರೆ ಅದು ಮೇಲಿನದರ ಬಾಲವೋ ಕೆಳಗಿನದರ ತಲೆಯೋ ಎಂಬುದನ್ನು ಆ ಸಾಲಿನ ಅಕ್ಷರಗಳು ಹೇಳಲಾರವು. ಅದರ ಮೇಲೆ ಕೆಳಗೆ ಬಿಟ್ಟ ಎಡೆ ಹೇಳುತ್ತದೆ.

ಜಿಲ್ಲೆಗೆ 'ಉತ್ತರ ಕನ್ನಡ'ವೆಂಬ ಹೆಸರು ಬಂದದ್ದು 1977ರಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿ ಆ ಪ್ರೌಢಶಾಲೆಯ ಹೊಸ ಕೊಠಡಿಗಳಿಗಾಗಿ ದೇಣಿಗೆ ಕೂಡಿಸಲಾಯಿತು. ಸಮಾರಂಭದ ಹೊತ್ತಿಗೆ ಸ್ಮರಣ ಸಂಚಿಕೆಯನ್ನು ತರಬೇಕೆಂದೂ ನಿಶ್ಚಯವಾಯಿತು. ಮುದ್ರಣದ ಕೆಲಸವನ್ನು ಕಾರವಾರದ ಒಂದು ಸಣ್ಣ ಮುದ್ರಣಾಲಯಕ್ಕೆ ಒಪ್ಪಿಸಿದರು. ಶಾಲೆಯ ಗಣಿತದ ಮಾಸ್ತರರು ವಾರಕ್ಕೆರಡು ಬಾರಿ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಕರಡನ್ನು ತಿದ್ದಿ ಬರುತ್ತಿದ್ದರು. ಲೆಕ್ಕದ ಮನುಷ್ಯರಾದುದರಿಂದ ದಾನಿಗಳ ಯಾದಿಯನ್ನು ಅವರಿಗೇ ವಹಿಸಿದ್ದು ಸಹಜವೇ ಆಗಿತ್ತು. ಮೊತ್ತಗಳನ್ನು ರಸೀದಿ ಪುಸ್ತಕದೊಡನೆ ಮೂರು ಸಲ ತಾಳೆ ನೋಡಿದರು. ಹೆಸರುಗಳ ಹಿಂದಿನ 'ಶ್ರೀ' ಒಂದೂ ತಪ್ಪಲಿಲ್ಲ.

ಅಂಕೋಲೆಯಲ್ಲಿ ಹೆಸರಿನ ಯಾದಿಯೆಂದರೆ ಲಘುವಾದ ಸಂಗತಿಯಲ್ಲ. 1930ರಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ನೆಲ ಅದು. ಆಮೇಲಿನ ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಜಫ್ತಿಗೆ ಕೊಟ್ಟ ರೈತರ ಸೀಮೆ. ಸೆರೆಮನೆಗೆ ಹೋದವರ ಯಾದಿ, ಭೂಮಿ ಕಳೆದುಕೊಂಡವರ ಯಾದಿ ಎಂದರೆ ಅಲ್ಲಿನ ಮನೆಗಳಲ್ಲಿ ಅಜ್ಜನ ಹೆಸರನ್ನು ಹುಡುಕಿ ಮೊಮ್ಮಗನಿಗೆ ತೋರಿಸುವ ವಸ್ತು. ಅಂಥವರ ಕೈಗೆ ಶಾಲೆಯ ಸಂಚಿಕೆ ಹೋದಾಗ ಅವರು ಮೊದಲು ತೆರೆಯುವುದು ಸಂದೇಶಗಳ ಪುಟವನ್ನಲ್ಲ, ದಾನಿಗಳ ಪುಟವನ್ನು.

ಸಂಚಿಕೆಯಲ್ಲಿ ಎರಡು ಕೋಷ್ಟಕಗಳಿದ್ದವು. ಮೊದಲನೆಯದು ಹಣ ಸಲ್ಲಿಸಿದವರದು, ದೀರ್ಘವಾದದ್ದು. ಅದರ ಕೊನೆಯ ಕೆಲವು ಹೆಸರುಗಳು ಮುಂದಿನ ಪುಟದ ನೆತ್ತಿಗೆ ಹರಿದುಬಂದಿದ್ದವು. ಅದರ ಕೆಳಗೆ 'ಬರತಕ್ಕ ವಾಗ್ದಾನದ ಮೊತ್ತ' ಎಂಬ ಶೀರ್ಷಿಕೆ. ಅದರಡಿ ಎರಡನೆಯ ಕೋಷ್ಟಕ. ಮಾತು ಕೊಟ್ಟಿದ್ದೂ ಹಣ ಇನ್ನೂ ಬಾರದವರ ಹೆಸರುಗಳನ್ನು ಅಚ್ಚುಮಾಡುವುದು ಉಚಿತವೇ ಎಂಬುದು ಬೇರೆ ಚರ್ಚೆ. ಇಂದು ಯಾವ ಆಡಳಿತ ಮಂಡಳಿಯೂ ಹಾಗೆ ಮಾಡಲಾರದು. ಆ ಕಾಲದಲ್ಲಿ ಮಾಡುತ್ತಿದ್ದರು.

ಕೊನೆಯ ಕರಡನ್ನು ನೋಡಿದ ಮೇಲೆ ಇನ್ನೊಂದು ದೇಣಿಗೆ ಬಂದಿತು. ಗಂಗಾವಳಿ ಹೊಳೆಯಂಚಿನ ಹಳ್ಳಿಯಲ್ಲಿದ್ದ ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರೊಬ್ಬರು ತಮ್ಮ ಪಿಂಚಣಿಯಲ್ಲಿ ಉಳಿಸಿದ ನೂರೊಂದು ರೂಪಾಯಿಗಳನ್ನು ಸ್ವತಃ ತಂದು ಕೊಟ್ಟರು. ಅವರ ಹೆಸರು ಬಿಟ್ಟುಹೋಗಬಾರದೆಂದು ಗಣಿತದ ಮಾಸ್ತರರು ಚೀಟಿ ಬರೆದು ಕಾರವಾರಕ್ಕೆ ಕಳುಹಿಸಿದರು. ಆ ಹೆಸರನ್ನು ಮೊದಲನೆಯ ಕೋಷ್ಟಕದ ಕಟ್ಟಕಡೆಗೆ, ಅಂದರೆ ಬಾಕಿಯ ಶೀರ್ಷಿಕೆಗೆ ಸರಿಯಾಗಿ ಮೇಲೆ, ಸೇರಿಸಲಾಯಿತು. ಮತ್ತೆ ಕರಡು ತೆಗೆಯಲು ಸಮಯವಿರಲಿಲ್ಲ.

ಸಮಾರಂಭ ಮುಗಿದು ಸಂಚಿಕೆಗಳು ಹಂಚಿಹೋದವು. ಹದಿನೈದು ದಿನಗಳಾದ ಮೇಲೆ ಶಾಲೆಯ ಕಚೇರಿಗೆ ಒಂದು ಮನಿಯಾರ್ಡರು ಬಂದಿತು. ಅದೇ ನಿವೃತ್ತ ಮಾಸ್ತರರಿಂದ ಮತ್ತೆ ನೂರೊಂದು ರೂಪಾಯಿ. ಫಾರಮ್ಮಿನ ತುಂಡಿನಲ್ಲಿ 'ತಡವಾದುದಕ್ಕೆ ಕ್ಷಮೆಯಿರಲಿ' ಎಂಬ ಒಂದೇ ಸಾಲು. ಒಮ್ಮೆ ಕೊಟ್ಟವರು ಮತ್ತೇಕೆ ಕಳುಹಿಸಿದರು, ತಡವಾದದ್ದೇನು ಎಂದು ಗುಮಾಸ್ತರಿಗೆ ತಿಳಿಯಲಿಲ್ಲ. ಗಣಿತದ ಮಾಸ್ತರರು ಸಂಚಿಕೆಯನ್ನು ತೆಗೆಸಿ ನೋಡಿದರು. ಪುಟದ ನೆತ್ತಿಯಲ್ಲಿ ಎಂಟು ಹೆಸರುಗಳು. ಎಂಟನೆಯದು ಆ ಹಿರಿಯರದು. ಅದಕ್ಕೆ ಅಂಟಿಕೊಂಡಂತೆ ಕೆಳಗೆ 'ಬರತಕ್ಕ ವಾಗ್ದಾನದ ಮೊತ್ತ'. ಆಮೇಲೆ ಒಂದಿಷ್ಟು ಬಿಡುವು. ಆಮೇಲೆ ತಲೆಬರಹವೇ ಇಲ್ಲದಂತೆ ತೋರುವ ಇನ್ನೊಂದು ಯಾದಿ. ಅದೇ ಸಂಚಿಕೆಯ ಭಾವಚಿತ್ರಗಳಿಗೆಲ್ಲ ಹೆಸರನ್ನು ಚಿತ್ರದ ಅಡಿಯಲ್ಲಿ ಅಚ್ಚುಮಾಡಿದ್ದರು. ಅಡಿಬರಹಕ್ಕೆ ಪಳಗಿದ ಕಣ್ಣು ಈ ಸಾಲನ್ನೂ ಮೇಲಿನವರ ಅಡಿಬರಹವೆಂದೇ ಓದಿತು. ಹಣ ಕೊಟ್ಟ ಎಂಟು ಜನ ಬಾಕಿದಾರರಾದರು, ಬಾಕಿದಾರರು ದಾನಿಗಳಾದರು. ಉಳಿದ ಏಳು ಜನ ಏನೆಂದುಕೊಂಡರೋ! ಎಂಟನೆಯವರು ಮಾತ್ರ ತಮ್ಮ ಹಣ ಲೆಕ್ಕಕ್ಕೆ ಸೇರಿಲ್ಲವೆಂದು ತಿಳಿದು, ರಸೀದಿಯನ್ನು ಹುಡುಕಿ ಜಗಳಕ್ಕೆ ಬರುವುದರ ಬದಲು, ಮತ್ತೊಮ್ಮೆ ಕಳುಹಿಸಿಬಿಟ್ಟಿದ್ದರು.

ಮಾಸ್ತರರು ಸಂಚಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಕಾರವಾರಕ್ಕೆ ಹೋದರು. ಮೊಳೆ ಜೋಡಿಸುವಾತ ವಯಸ್ಸಾದವನು. ಮನೆಮಾತು ಕೊಂಕಣಿ, ಕನ್ನಡವನ್ನು ಕಲಿತದ್ದು ಹೆಚ್ಚಾಗಿ ಕೇಸಿನ ಮುಂದೆ ನಿಂತು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳಲ್ಲಿ. ಆತ ಪುಟವನ್ನು ನೋಡಿದ ಕೂಡಲೇ ತಲೆಯಾಡಿಸಿದನು.

"ಅಕ್ಷರ ತಪ್ಪಿದ್ದರೆ ನನ್ನ ಕಿವಿ ಹಿಂಡಿ ಮಾಸ್ತರ್ರೇ. ನೀವು ಒಂದು ಹೆಸರು ಹೆಚ್ಚು ಕಳಿಸಿದಿರಿ. ಪುಟದಲ್ಲಿ ಜಾಗ ಇರಲಿಲ್ಲ. ಲೆಡ್ಡು ತೆಗೆದೆ."

"ತಲೆಬರಹದ ಮೇಲಿನದನ್ನೇ ಏಕೆ ತೆಗೆದೆ? ಕೆಳಗಿನದನ್ನು ತೆಗೆಯಬಹುದಿತ್ತಲ್ಲ?"

"ಕೆಳಗೆ ರೂಲು ಇದೆ. ನಿಮ್ಮ ತಲೆಬರಹದ ತುಂಬ ಒತ್ತು. ಕೆಳಗಿನದು ತೆಗೆದರೆ ಒತ್ತು ಹೋಗಿ ರೂಲಿನ ಮೇಲೆ ಕೂತ ಹಾಗೆ ಕಾಣ್ತದೆ."

ಆತನ ಮಾತಿನಲ್ಲಿ ಸುಳ್ಳಿರಲಿಲ್ಲ. ಲೆಡ್ಡೆಂದರೆ ಸಾಲು ಸಾಲುಗಳ ನಡುವೆ ಇಡುವ ಸೀಸದ ತೆಳುಪಟ್ಟಿ. ಮೊಳೆಗಿಂತ ಗಿಡ್ಡವಾದುದರಿಂದ ಮಸಿ ಹತ್ತುವುದಿಲ್ಲ, ಕಾಗದದ ಮೇಲೆ ಬಿಳುಪಾಗಿ ಉಳಿಯುತ್ತದೆ. ಮುದ್ರಕರ ಅಳತೆಯಲ್ಲಿ ಒಂದು ಅಂಗುಲಕ್ಕೆ ಸುಮಾರು 72 ಪಾಯಿಂಟು. ಸಾಮಾನ್ಯ ಲೆಡ್ಡು 2 ಪಾಯಿಂಟಿನದು. 12 ಪಾಯಿಂಟಿನ ಒಂದು ಸಾಲು ಹೊಸದಾಗಿ ಬಂದರೆ ಆರು ಲೆಡ್ಡುಗಳು ಎಲ್ಲಿಂದಲಾದರೂ ಹೊರಬರಬೇಕು. ಏಕೆಂದರೆ ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದ ಪುಟ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಂದು ಹೆಸರು ಒಳಬಂದಿತು, ಆರು ಪಟ್ಟಿಗಳು ಹೊರಹೋದವು. ಹೀಗೆ ಆ ಹಿರಿಯರ ಹೆಸರಿಗೆ ಎಡೆಮಾಡಿಕೊಡಲು ಹೋಗಿಯೇ ಆ ಹೆಸರಿಗೆ ಕಳಂಕ ತಟ್ಟಿದ್ದು.

ಕನ್ನಡ ಲಿಪಿಯ ಸ್ವಭಾವವನ್ನು ಆ ಜೋಡಣೆಗಾರ ಸರಿಯಾಗಿ ಗ್ರಹಿಸಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು. ವ್ಯಾಕರಣವು ಸಂಯುಕ್ತಾಕ್ಷರವನ್ನು ಒಂದರ ಮುಂದೊಂದು ಉಚ್ಚರಿಸುವ ವ್ಯಂಜನಗಳ ಕೂಟವೆಂದು ಹೇಳುತ್ತದೆ; ಲಿಪಿಯಾದರೋ ಎರಡನೆಯ ವ್ಯಂಜನವನ್ನು ಸಾಲಿನ ಕೆಳಕ್ಕೆ ಇಳಿಸುತ್ತದೆ. 'ಕೋಷ್ಟಕ' ಎಂಬ ಶಬ್ದವೇ ತನ್ನ ಟಕಾರವನ್ನು ಕೆಳಗೆ ತೂಗಿಬಿಟ್ಟುಕೊಂಡಿದೆ. 'ರಾಷ್ಟ್ರ', 'ಸ್ತ್ರೀ', 'ಶಾಸ್ತ್ರ' ಇವುಗಳಲ್ಲಿ ಒತ್ತಿಗೆ ಮತ್ತೊಂದು ಒತ್ತು. ಮೇಲ್ಗಡೆ ಗುಡಿಸು, ದೀರ್ಘ, ತಲಕಟ್ಟುಗಳು ಸ್ವಲ್ಪವೇ ಏರುತ್ತವೆ. ಕೆಳಗಡೆ ಒತ್ತುಗಳು ಬಹಳವೇ ಇಳಿಯುತ್ತವೆ. ಆದಕಾರಣ ಕನ್ನಡದ ಸಾಲಿನ ಮೇಲೂ ಕೆಳಗೂ ಅಳತೆಗೋಲಿನಿಂದ ಸಮನಾದ ಎಡೆ ಬಿಟ್ಟರೆ ಕಣ್ಣಿಗೆ ಸಮನಾಗಿ ಕಾಣುವುದಿಲ್ಲ. ಒತ್ತುಗಳಿಂದ ತುಂಬಿದ ಸಾಲಿನ ಕೆಳಗಿನ ಎಡೆ ಇಕ್ಕಟ್ಟಾಗಿ ತೋರುತ್ತದೆ. ಒತ್ತಿಲ್ಲದ ಸಾಲಿನ ಕೆಳಗಿನದು ಹಾಳುಬಿದ್ದಂತೆ ತೋರುತ್ತದೆ.

ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ತಾಲೂಕುಗಳನ್ನು ಕೋಷ್ಟಕವಾಗಿ ಬರೆದು ನೋಡಬಹುದು. ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಮುಂಡಗೋಡ, ಹಳಿಯಾಳ, ಜೋಯಿಡಾ, ತರುವಾಯ ತಾಲೂಕಾದ ದಾಂಡೇಲಿ, ಈ ಎಂಟರಲ್ಲಿ ಒಂದಕ್ಕೂ ಒತ್ತಕ್ಷರವಿಲ್ಲ. ಹೊನ್ನಾವರ, ಭಟ್ಕಳ, ಸಿದ್ದಾಪುರ, ಯಲ್ಲಾಪುರ, ಈ ನಾಲ್ಕಕ್ಕೆ ಇದೆ. ಕರಾವಳಿಯ ಐದು ತಾಲೂಕುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಬರೆದರೆ ಕೊನೆಯ ಸಾಲು ಭಟ್ಕಳದ್ದಾಗುತ್ತದೆ. ಅದರ ಕಕಾರದ ಒತ್ತು ಅಡಿಗೀಟನ್ನು ಮುಟ್ಟಲು ಚಾಚುತ್ತದೆ. ಅದೇ ಯಾದಿಯನ್ನು ದಕ್ಷಿಣದಿಂದ ಉತ್ತರಕ್ಕೆ ಬರೆದರೆ ಕಾರವಾರ ಕಡೆಗೆ ಬಂದು ನಿರಾಳವಾಗಿ ಕೂರುತ್ತದೆ. ಗೀಟೂ ಅದೇ, ಅಳತೆಯೂ ಅದೇ, ಆದರೆ ಎಡೆ ಬೇರೆ. ಇನ್ನು ಶೀರ್ಷಿಕೆಯಾದ 'ಉತ್ತರ ಕನ್ನಡ'ದಲ್ಲಿಯೇ ಎರಡು ಒತ್ತುಗಳು. ಹಿಂದಿನ 'ಉತ್ತರ ಕಾನಡಾ'ದಲ್ಲಿ ಒಂದೇ ಇತ್ತು. ನಾಮಾಂತರದಿಂದ ನಾಡಿಗೆ ಸಂತೋಷವಾಯಿತು. ಮೊಳೆ ಜೋಡಿಸುವವನ ಕೈಗೆ ಒಂದು ಒತ್ತು ಹೆಚ್ಚಾಯಿತು.

ಆದ್ದರಿಂದ ಅನುಭವಿಗಳಾದ ಜೋಡಣೆಗಾರರು ಕೋಷ್ಟಕದ ಸುತ್ತಣ ಎಡೆಯನ್ನು ಲೆಡ್ಡುಗಳ ಎಣಿಕೆಯಿಂದ ಮಾತ್ರ ನಿರ್ಣಯಿಸುತ್ತಿರಲಿಲ್ಲ. ಹಿಂದಿನ ಗದ್ಯದಿಂದ ಶೀರ್ಷಿಕೆಗೆ ಹೆಚ್ಚು ದೂರ. ಶೀರ್ಷಿಕೆಯಿಂದ ಕೋಷ್ಟಕಕ್ಕೆ ಕಡಮೆ ದೂರ, ಆದರೆ ಒತ್ತುಗಳು ಗೀಟಿಗೆ ತಾಗದಷ್ಟು. ಕೋಷ್ಟಕದ ಅಡಿಯಿಂದ ಮುಂದಿನ ಗದ್ಯಕ್ಕೆ ಮತ್ತೆ ಹೆಚ್ಚು ದೂರ. ಕೋಷ್ಟಕಕ್ಕೆ ಸೇರಿದ ಟಿಪ್ಪಣಿ ಇದ್ದರೆ ಅದನ್ನು ಕೋಷ್ಟಕದ ಮಗ್ಗುಲಿಗೇ ಎಳೆದು, ಆ ದೊಡ್ಡ ದೂರವನ್ನು ಟಿಪ್ಪಣಿಯ ಕೆಳಗೆ ಬಿಡಬೇಕು. ಜಾಗ ಸಾಲದೆ ಹೋದರೆ ಎಲ್ಲ ಎಡೆಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಬೇಕೇ ವಿನಾ ಒಂದನ್ನೇ ನುಂಗಬಾರದು. ಇಷ್ಟೇ ಶಾಸ್ತ್ರ. ಮಿಕ್ಕದ್ದು ಕಣ್ಣಿನ ಕೆಲಸ.

ಬಿಳುಪನ್ನು ಉದ್ದೇಶಪೂರ್ವಕವಾಗಿ ಬಿಡುವ ಈ ವಿವೇಕ ಅಚ್ಚಿನೊಡನೆ ಬಂದದ್ದಲ್ಲ. ತಾಳೆಯೋಲೆಯ ಮೇಲೆ ಕಂಠದಿಂದ ಕೊರೆಯುತ್ತಿದ್ದ ಲಿಪಿಕಾರರು ದಾರ ಪೋಣಿಸುವ ರಂಧ್ರದ ಸುತ್ತ ಅಕ್ಷರ ಬರೆಯುತ್ತಿರಲಿಲ್ಲ. ದಾರ ಉಜ್ಜಿ ಅಕ್ಷರ ಅಳಿಯಬಾರದೆಂಬುದು ಅದರ ಕಾರಣ. ಓಲೆಯಂಥ ಕಿರಿದಾದ ವಸ್ತುವಿನಲ್ಲಿಯೂ ಅಷ್ಟು ಜಾಗವನ್ನು ಅವರು ಪೋಲೆಂದು ಎಣಿಸಲಿಲ್ಲ. ಅಚ್ಚಿನ ಕಾಲಕ್ಕೆ ಬಂದರೆ, 1862ರಲ್ಲಿ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ ಈ ಜಿಲ್ಲೆಯ ಗೆಜೆಟಿಯರು 1883ರಲ್ಲಿ ಮುಂಬಯಿಯ ಸರಕಾರಿ ಮುದ್ರಣಾಲಯದಿಂದ ಎರಡು ಭಾಗಗಳಲ್ಲಿ ಹೊರಬಂದಿತು. ಜನಸಂಖ್ಯೆ, ಮಳೆ, ಬಂದರುಗಳ ವ್ಯಾಪಾರ, ಭೂಕಂದಾಯ ಎಂದು ಅದರ ತುಂಬ ಕೋಷ್ಟಕಗಳೇ. ಇಂಗ್ಲಿಷ್ ಲಿಪಿಗೆ ಒತ್ತುಗಳ ಕಾಟವಿಲ್ಲದಿರುವುದರಿಂದ ಅಲ್ಲಿನ ಜೋಡಣೆಗಾರರ ಪಾಡು ಒಂದಿಷ್ಟು ಸುಖದ್ದು. ಅದನ್ನೇ ಮಾದರಿಯಾಗಿಟ್ಟುಕೊಂಡು ಕನ್ನಡದ ಕೋಷ್ಟಕವನ್ನು ಅಳೆದರೆ ಇಕ್ಕಟ್ಟು ತಪ್ಪಿದ್ದಲ್ಲ.

ಮಾದರಿಯ ಈ ತೊಡಕು ಸೀಸದ ಮೊಳೆಗಳೊಡನೆ ಕರಗಿಹೋಗಲಿಲ್ಲ. ಗಣಕಯಂತ್ರದೊಳಗೂ ಬಂದು ಕುಳಿತಿದೆ. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರು ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚು ಕಣ್ಣಿಗೆ ಹಿತವಾಗಲಿಲ್ಲವೆಂಬ ಕಾರಣದಿಂದ 1977ರಲ್ಲಿ ಅಕ್ಷರಜೋಡಣೆಯ ಹೊಸ ವಿಧಾನವೊಂದನ್ನು ರೂಪಿಸಲು ತೊಡಗಿದರು. ಅದೇ 'ಟೆಕ್'. ಕರಡು ತಿದ್ದುವವರ ಕುಲದಲ್ಲಿ ಇಷ್ಟು ದೂರ ಕೋಪಿಸಿಕೊಂಡವರು ಇನ್ನೊಬ್ಬರಿರಲಾರರು! ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ ಕಟ್ಟಿದ 'ಲೇಟೆಕ್' ಇಂದಿಗೂ ವಿಜ್ಞಾನ ಗಣಿತಗಳ ಬರವಣಿಗೆಯಲ್ಲಿ ಬಳಕೆಯಲ್ಲಿದೆ. ಅದರ ಸಾಮಾನ್ಯ ಲೇಖನ ಮಾದರಿಯಲ್ಲಿ ಶೀರ್ಷಿಕೆಯ ಮೇಲೆ 10 ಪಾಯಿಂಟು, ಕೆಳಗೆ ಸೊನ್ನೆ ಎಂದು ಮೊದಲೇ ನಿಗದಿ ಮಾಡಿಟ್ಟಿರುತ್ತಾರೆ. ಚಿತ್ರದ ಅಡಿಯಲ್ಲಿ ಬರೆಯುವ ಶೀರ್ಷಿಕೆಗೆ ಅದು ಸರಿಯಾದ ಲೆಕ್ಕ. ಅದೇ ಲೆಕ್ಕದಲ್ಲಿ ಕೋಷ್ಟಕದ ನೆತ್ತಿಯ ಮೇಲೆ ಶೀರ್ಷಿಕೆಯಿಟ್ಟರೆ ಅದು ಕೋಷ್ಟಕಕ್ಕೆ ಮೆತ್ತಿಕೊಳ್ಳುತ್ತದೆ. ಕನ್ನಡದ ಶೀರ್ಷಿಕೆಯಾದರೆ ಒತ್ತುಗಳು ಗೀಟಿನ ಮೇಲೆಯೇ ಬೀಳುತ್ತವೆ. ಬಲ್ಲವರು ಎರಡು ಅಂಕಿಗಳನ್ನೂ ತಿದ್ದಿಕೊಳ್ಳುತ್ತಾರೆ. ಕೋಷ್ಟಕದ ಒಳಗಿನ ಸಾಲಿಗೂ ಒಂದು ಪಾಲಿದೆ: ಸಾಲಿನ ಒಟ್ಟು ಎತ್ತರದಲ್ಲಿ ಹತ್ತರಲ್ಲಿ ಏಳು ಪಾಲು ಮೇಲಕ್ಕೆ, ಮೂರು ಪಾಲು ಕೆಳಕ್ಕೆ. ರೋಮನ್ ಲಿಪಿಗೆ ಒಪ್ಪುವ ಆ ಮೂರು ಪಾಲು 'ರಾಷ್ಟ್ರ'ದ ಎರಡು ಒತ್ತುಗಳಿಗೆ ಸಾಲುವುದು ಕಷ್ಟ.

ಶಾಲಾ ಸಂಚಿಕೆಗಳನ್ನು ಸಿದ್ಧಪಡಿಸುವವರು ಬಹುಮಟ್ಟಿಗೆ ಬೇರೆ ತಂತ್ರಾಂಶಗಳನ್ನು ಬಳಸುತ್ತಾರೆ. ಅಲ್ಲಿ ಎಡೆ ಬೇಕಾದಾಗಲೆಲ್ಲ 'ಎಂಟರ್' ಕೀಲಿಯನ್ನು ಒತ್ತುವುದೇ ವಾಡಿಕೆ. ಖಾಲಿ ಸಾಲೊಂದು ಇಡಿಯಾಗಿ ಒಂದು ಸಾಲಿನಷ್ಟು ಎತ್ತರ. ಅರ್ಧವೋ ಕಾಲೋ ಬೇಕೆಂದರೆ ದೊರೆಯದು. ಮೇಲಾಗಿ ಮುಂದೊಂದು ಹೆಸರನ್ನು ಸೇರಿಸಿದಾಗ ಶೀರ್ಷಿಕೆ ಒಂದು ಪುಟದ ಬುಡದಲ್ಲಿ, ಕೋಷ್ಟಕ ಮತ್ತೊಂದು ಪುಟದ ನೆತ್ತಿಯಲ್ಲಿ ಹರಿದುಹೋಗುತ್ತವೆ. ಸಾಲಿನ ಮುಂಚೆ ಎಷ್ಟು ಪಾಯಿಂಟು, ನಂತರ ಎಷ್ಟು ಪಾಯಿಂಟು ಎಂದು ಸೂಚಿಸುವ ವ್ಯವಸ್ಥೆಯೂ, ಶೀರ್ಷಿಕೆಯನ್ನು ಮುಂದಿನ ಸಾಲಿನಿಂದ ಅಗಲಿಸಬಾರದೆಂಬ ಆಜ್ಞೆಯೂ ಆ ತಂತ್ರಾಂಶಗಳಲ್ಲಿಯೇ ಇವೆ. ಕೈಗೆ ಎಟಕುವಲ್ಲಿರುವ ಲೆಡ್ಡುಗಳನ್ನು ಬಿಟ್ಟು ಇಟ್ಟಿಗೆಯನ್ನು ತುರುಕಿದಂತೆ, ಅವನ್ನು ಯಾರೂ ತೆರೆದು ನೋಡುವುದಿಲ್ಲ.

ಇರಲಿ. ಕಾರವಾರದ ಮುದ್ರಣಾಲಯದಲ್ಲಿ ಗಣಿತದ ಮಾಸ್ತರರು ಒಂದು ತಪ್ಪೊಪ್ಪೋಲೆಯನ್ನು ಅಚ್ಚುಮಾಡಿ ಸಂಚಿಕೆಗಳೊಡನೆ ಹಂಚೋಣವೆಂದು ಯೋಚಿಸಿದರು. ಬರೆಯಲು ಕುಳಿತಾಗಲೇ ಕಷ್ಟ ತಿಳಿದದ್ದು. ಪುಟಸಂಖ್ಯೆ, ಸಾಲು, 'ತಪ್ಪು', 'ಒಪ್ಪು' ಎಂಬ ನಾಲ್ಕು ಮನೆಗಳು. ತಪ್ಪಿನ ಮನೆಯಲ್ಲಿ 'ಬರತಕ್ಕ ವಾಗ್ದಾನದ ಮೊತ್ತ' ಎಂದು ಬರೆದರು. ಒಪ್ಪಿನ ಮನೆಯಲ್ಲಿಯೂ ಅದನ್ನೇ ಬರೆಯಬೇಕಾಯಿತು. ಎರಡೂ ಒಂದೇ! ಲೇಖನಿಯನ್ನು ಕೆಳಗಿಟ್ಟರು. ಎಡೆಯ ತಪ್ಪನ್ನು ಅಕ್ಷರದಲ್ಲಿ ತಿದ್ದುವ ಉಪಾಯವನ್ನು ಯಾವ ತಪ್ಪೊಪ್ಪೋಲೆಯೂ ಕಂಡುಹಿಡಿದಿಲ್ಲ.

ಜೋಡಣೆಗಾರ ಆ ಪುಟದ ಮೊಳೆಗಳನ್ನು ಇನ್ನೂ ಬಿಚ್ಚಿ ಕೇಸಿಗೆ ಹಾಕಿರಲಿಲ್ಲ. ದಾರ ಸುತ್ತಿ ಮೂಲೆಯಲ್ಲಿಟ್ಟಿದ್ದನು. ಅದನ್ನು ತಂದು ಕಲ್ಲಿನ ಮೇಲಿಟ್ಟು, ಪುಟದ ಬುಡದಲ್ಲಿದ್ದ ಹೂಬಳ್ಳಿಯ ಅಲಂಕಾರವನ್ನು ಕಿತ್ತನು. ಹನ್ನೆರಡು ಪಾಯಿಂಟಿಗಿಂತ ಹೆಚ್ಚೇ ಜಾಗ ದೊರೆಯಿತು. ತೆಗೆದಿದ್ದ ಆರು ಲೆಡ್ಡುಗಳು ಶೀರ್ಷಿಕೆಯ ಮೇಲೆ ಮರಳಿದವು. ಉಳಿದದ್ದರಲ್ಲಿ ಎರಡನ್ನು ತಾನಾಗಿಯೇ ಕೂಡಿಸಿದನು. ಮೊದಲ ದಿನವೇ ಆ ಬಳ್ಳಿಯನ್ನು ತೆಗೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವಲ್ಲ ಎಂದು ಮಾಸ್ತರರು ಕೇಳಿದಾಗ, "ಬಳ್ಳಿ ಬೇಕೇ ಬೇಕು ಅಂತ ಕರಡಿನಲ್ಲಿ ಬರೆದವರು ನೀವೇ ಮಾಸ್ತರ್ರೇ" ಎಂದನು. ಮಾಸ್ತರರು ಸುಮ್ಮನಾದರು. ಆ ಒಂದು ಹಾಳೆಯನ್ನು ಮತ್ತೆ ಅಚ್ಚುಹಾಕಿಸಿ, ಶಾಲೆಯಲ್ಲಿ ಉಳಿದಿದ್ದ ಪ್ರತಿಗಳಿಗೆ ಅಂಟಿಸಲಾಯಿತು. ಆಗಲೇ ಹೊರಹೋದವುಗಳಲ್ಲಿ ಆ ಎಂಟು ಮನೆಗಳಿಗೆ ಹೊಸ ಹಾಳೆಯನ್ನು ಮುಟ್ಟಿಸುವ ಹೊಣೆಯನ್ನು ಗಣಿತದ ಮಾಸ್ತರರೇ ಹೊತ್ತರು.

ಗಂಗಾವಳಿಯಂಚಿನ ಮನೆಗೆ ಹೋದಾಗ ಆ ಹಿರಿಯರು ಜಗಲಿಯ ಮೇಲೆ ಕುಳಿತಿದ್ದರು. ಮಾಸ್ತರರು ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ, ಎರಡನೆಯ ನೂರೊಂದು ರೂಪಾಯಿಗಳನ್ನು ಹಿಂದಕ್ಕೆ ಕೊಡಲು ಮುಂದಾದರು. ಹಿರಿಯರು ಕನ್ನಡಕವನ್ನು ಏರಿಸಿಕೊಂಡು ಹಳೆಯದನ್ನೊಮ್ಮೆ, ಹೊಸದನ್ನೊಮ್ಮೆ ಬಹಳ ಹೊತ್ತು ನೋಡಿದರು. "ಓದಿದ್ದು ನನ್ನದೇ ತಪ್ಪೋ ಅಂತ ಇದ್ದೆ" ಎಂದರು. ಹಣವನ್ನು ಮುಟ್ಟಲಿಲ್ಲ. ಮರುವರ್ಷದ ವರದಿಯಲ್ಲಿ ಅವರ ಹೆಸರಿನ ಮುಂದೆ 202 ಎಂದು ಅಚ್ಚಾಯಿತು. ಆ ಕೋಷ್ಟಕದ ಕರಡಿನ ಅಂಚಿನಲ್ಲಿ, ಮೇಲೊಂದು ಕೆಳಗೊಂದು, ಎಡೆ ಬಿಡಬೇಕೆಂಬ ಗುರುತನ್ನು ಗಣಿತದ ಮಾಸ್ತರರು ಕೆಂಪು ಮಸಿಯಲ್ಲಿ ಹಾಕಿ ಕಳುಹಿಸಿದ್ದರು.